ಆವತಿ ನಾಡಪ್ರಭುತ್ವ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ಬೇರೂರಿದ್ದ ವಂಶಪಾರಂಪರ್ಯ ಆಳ್ವಿಕೆ. ಐತಿಹ್ಯದ ಪ್ರಕಾರ ಕಂಚಿಯ ಕಡೆಯಿಂದ ವಲಸೆ ಬಂದ ಮೊರಸು ಒಕ್ಕಲಿಗರ ಮುಖಂಡ ರಣಭೈರೇಗೌಡ ಇದರ ಮೂಲಪುರುಷ. ರಾಜತ್ವ ದೈವದತ್ತವೆಂಬ ಮಾತು ದೊಡ್ಡ ಸಿಂಹಾಸನಗಳಿಗೆ ಒಪ್ಪೀತು. ಇಲ್ಲಿ ಆಳ್ವಿಕೆ ನೆಲೆ ಹಿಡಿದು, ಊರು ಕಟ್ಟಿ, ಕಾವಲು ಕಾದವರ ಗೌಡಿಕೆಯಿಂದ ಬೆಳೆದದ್ದು. 1501ರಲ್ಲಿ ಇದೇ ವಂಶದ ಮಲ್ಲಭೈರೇಗೌಡ ದೇವನದೊಡ್ಡಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಇಂದಿನ ದೇವನಹಳ್ಳಿ ಅದೇ. ಅಧಿಕಾರ ಅಪ್ಪನಿಂದ ಮಗನಿಗೆ ಇಳಿದರೂ ಪ್ರಭು ಸ್ವತಂತ್ರನಲ್ಲ, ವಿಜಯನಗರದ ಸಾಮಂತ. ಬೆಂಗಳೂರಿನ ಕೆಂಪೇಗೌಡರ ಮನೆತನವೂ ಇದೇ ಬುಡದ ಕವಲೆನ್ನುತ್ತಾರೆ. 1749ರಲ್ಲಿ ಮೈಸೂರಿನ ನಂಜರಾಜಯ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿ ಗೆದ್ದ. ಆ ಕಾಳಗದಲ್ಲಿ ಹೆಸರು ಮಾಡಿದ ಹೈದರ್ ಅಲಿ ಮುಂದೆ ಮೈಸೂರಿನ ಅರಸರಾದ ಒಡೆಯರನ್ನು ಪಟ್ಟದಲ್ಲಿ ಹೆಸರಿಗಷ್ಟೇ ಉಳಿಸಿ ರಾಜ್ಯವನ್ನು ತಾನೇ ಆಳಿದ.