ನಾಣ್ಯಗಳ ಸಾಕ್ಷಿ: ಎರಡು ನಿಧಿಗಳ ಇತಿಹಾಸ

ಶಿಲಾಶಾಸನ, ತಾಮ್ರಪಟ, ನಾಣ್ಯ ಈ ಮೂರೂ ಇತಿಹಾಸ ರಚನೆಗೆ ಮುಖ್ಯವಾದ ಆಧಾರಗಳು. ಶಾಸನದಲ್ಲಿ ಏನಿರಬೇಕೆಂಬುದನ್ನು ಅದನ್ನು ಬರೆಸಿದವನು ನಿರ್ಧರಿಸುತ್ತಾನೆ. ನಾಣ್ಯವಾದರೋ ಪೇಟೆಯಲ್ಲಿ ಕೈಯಿಂದ ಕೈಗೆ ಸಾಗಬೇಕಾದ ವಸ್ತು. ಅದರ ತೂಕವನ್ನಾಗಲಿ ಲೋಹದ ಶುದ್ಧತೆಯನ್ನಾಗಲಿ ಯಾವ ಆಸ್ಥಾನ ಕವಿಯೂ ತನ್ನ ಮಾತಿನಿಂದ ಹೆಚ್ಚಿಸಲಾರನು. ಆದುದರಿಂದಲೇ ಗ್ರಂಥಗಳು ಮರೆಮಾಚಿದ ಸಂಗತಿಗಳನ್ನು ನಾಣ್ಯಗಳು ಎಷ್ಟೋ ಸಲ ಬಯಲಿಗೆ ತಂದಿವೆ. ಆದರೆ ನಾಣ್ಯವು ಸಾಕ್ಷಿ ನುಡಿಯಬೇಕಾದರೆ ಅದನ್ನು ಕಂಡವನೂ ಪ್ರಾಮಾಣಿಕನಾಗಿರಬೇಕು. ಇಂಗ್ಲೆಂಡಿನಲ್ಲಿ 2015ನೆಯ ಇಸವಿಯೊಂದರಲ್ಲಿಯೇ ದೊರೆತ ಎರಡು ನಿಧಿಗಳು ಈ ಮಾತಿಗೆ ನಿದರ್ಶನವಾಗಿವೆ.

ಎರಡೂ ನಿಧಿಗಳು ದೊರೆತುದು ಲೋಹಶೋಧಕ ಯಂತ್ರದಿಂದ. ಉದ್ದವಾದ ಕೋಲಿನ ತುದಿಯಲ್ಲಿ ತಂತಿಯ ಸುರುಳಿಯೊಂದನ್ನು ಅಳವಡಿಸಿ, ಅದರಲ್ಲಿ ವಿದ್ಯುತ್ತನ್ನು ಹರಿಸಿದಾಗ ಸುತ್ತಲೂ ಕಾಂತಕ್ಷೇತ್ರ ಉಂಟಾಗುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹವೆದ್ದು ಆ ಕ್ಷೇತ್ರವನ್ನು ಕದಲಿಸುತ್ತದೆ. ಯಂತ್ರವು ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. 1881ರಲ್ಲಿ ಗುಂಡೇಟಿಗೆ ಈಡಾದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿದ್ದ ಗುಂಡನ್ನು ಹುಡುಕಲು ಟೆಲಿಫೋನಿನ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹ ಉಪಕರಣವನ್ನು ಬಳಸಿ ವಿಫಲನಾದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಕೊಸಾಟ್ಸ್ಕಿ ಎಂಬುವನು ನೆಲಬಾಂಬುಗಳನ್ನು ಪತ್ತೆ ಹಚ್ಚುವ ಯಂತ್ರವನ್ನು ರೂಪಿಸಿದನು. ಯುದ್ಧಾನಂತರ ಇಂತಹ ಯಂತ್ರಗಳು ಸಾಮಾನ್ಯರ ಕೈಗೂ ಎಟುಕಿ, 1970ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಹೊಲಗಳಲ್ಲಿ ಹಳೆಯ ವಸ್ತುಗಳನ್ನು ಹುಡುಕುವುದು ಒಂದು ಹವ್ಯಾಸವೇ ಆಯಿತು.

ಹವ್ಯಾಸದ ಬೆನ್ನಿಗೆ ಲೂಟಿಯೂ ಬಂದಿತು. 1980ರ ದಶಕದಲ್ಲಿ ಸರ್ರೆ ಪ್ರಾಂತದ ವಾನ್‌ಬರೋ ಎಂಬಲ್ಲಿ ರೋಮನ್ನರ ಕಾಲದ ದೇವಾಲಯವೊಂದರ ನಿವೇಶನವನ್ನು ಕಳ್ಳರು ರಾತ್ರಿ ಹೊತ್ತಿನಲ್ಲಿ ಅಗೆದು ಸಾವಿರಾರು ನಾಣ್ಯಗಳನ್ನು ಸಾಗಿಸಿದರು. ಆಗಿನ ಕಾನೂನಿನ ಲೋಪಗಳು ಇದರಿಂದ ಎದ್ದು ಕಂಡವು. 1996ರಲ್ಲಿ ನಿಧಿ ಶಾಸನವು ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದಿತು. ಅದರಂತೆ ನಿಧಿಯನ್ನು ಕಂಡವನು 14 ದಿನಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯವು ಅದನ್ನು ಬಯಸಿದಲ್ಲಿ ಸ್ವತಂತ್ರ ಸಮಿತಿಯು ಬೆಲೆಯನ್ನು ಸೂಚಿಸುತ್ತದೆ. ಆ ಹಣವು ಸಾಮಾನ್ಯವಾಗಿ ಕಂಡವನಿಗೂ ಹೊಲದ ಒಡೆಯನಿಗೂ ಸಮವಾಗಿ ಸಲ್ಲುತ್ತದೆ. 1997ರಲ್ಲಿಯೇ ಪ್ರಾರಂಭವಾದ ಇನ್ನೊಂದು ಯೋಜನೆಯಲ್ಲಿ, ನಿಧಿಯೆನಿಸದ ಸಣ್ಣಪುಟ್ಟ ವಸ್ತುಗಳನ್ನೂ ಜನರು ಸ್ವಇಚ್ಛೆಯಿಂದ ತಂದು ತೋರಿಸುತ್ತಾರೆ. ಹೀಗೆ ದಾಖಲಾದ ವಸ್ತುಗಳ ಸಂಖ್ಯೆ 15 ಲಕ್ಷವನ್ನು ಮೀರಿದೆ.

ಇನ್ನು ಆ ಎರಡು ನಿಧಿಗಳ ಕಾಲವನ್ನು ನೋಡಬೇಕು. ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಒಂದೇ ರಾಜ್ಯವಾಗಿರಲಿಲ್ಲ. ದಕ್ಷಿಣದಲ್ಲಿ ವೆಸೆಕ್ಸ್, ನಡುನಾಡಿನಲ್ಲಿ ಮರ್ಸಿಯಾ ಪ್ರಬಲವಾಗಿದ್ದವು. ಸಮುದ್ರದಾಚೆಯಿಂದ ಬಂದ ವೈಕಿಂಗರ ಮಹಾಸೈನ್ಯವು 865ರಿಂದ ಒಂದೊಂದಾಗಿ ರಾಜ್ಯಗಳನ್ನು ಕೆಡವತೊಡಗಿತು. ಮರ್ಸಿಯಾದ ಅರಸನು ದೇಶ ಬಿಟ್ಟು ರೋಮಿಗೆ ಹೋದನು. 874ರಲ್ಲಿ ಚೆಯೋಲ್ವುಲ್ಫ್ ಎಂಬುವನು ಅಲ್ಲಿ ಪಟ್ಟಕ್ಕೆ ಬಂದನು. ವೆಸೆಕ್ಸಿನಲ್ಲಿ 871ರಿಂದ ಆಲ್ಫ್ರೆಡನು ಆಳುತ್ತಿದ್ದನು. 878ರಲ್ಲಿ ಎಡಿಂಗ್ಟನ್ ಎಂಬಲ್ಲಿ ಅವನು ವೈಕಿಂಗರನ್ನು ಸೋಲಿಸಿ ಇತಿಹಾಸದಲ್ಲಿ ಮಹಾನ್ ಎನಿಸಿಕೊಂಡನು. ಅವನ ಆಶ್ರಯದಲ್ಲಿ ರಚಿತವಾದ ವೃತ್ತಾಂತವಾದರೋ ಚೆಯೋಲ್ವುಲ್ಫನನ್ನು ಶತ್ರುಗಳು ಕೂರಿಸಿದ ಬುದ್ಧಿಹೀನ ಸೇವಕನೆಂದು ತಿರಸ್ಕಾರದಿಂದ ಕಂಡಿತು. ಸಾವಿರ ವರ್ಷಗಳ ಕಾಲ ಅದೇ ನಂಬಿಕೆ ಉಳಿದು ಬಂದಿತು.

ನಾಣ್ಯಗಳು ಬೇರೆ ಮಾತನ್ನು ಹೇಳುತ್ತವೆ. ಆ ಕಾಲದ ಬೆಳ್ಳಿಯ ಪೆನ್ನಿಯಲ್ಲಿ ತಾಮ್ರದ ಬೆರಕೆ ಮಿತಿಮೀರಿ, ಪೇಟೆಯಲ್ಲಿ ಅದರ ಮೇಲಿನ ನಂಬಿಕೆ ಕುಸಿದಿತ್ತು. ಸುಮಾರು 875ರ ವೇಳೆಗೆ ಎರಡೂ ರಾಜ್ಯಗಳಲ್ಲಿ ಏಕಕಾಲಕ್ಕೆ ಉತ್ತಮ ಬೆಳ್ಳಿಯ ಹೊಸ ನಾಣ್ಯ ಬಂದಿತು. ಆಲ್ಫ್ರೆಡನ ಹೆಸರಿನಲ್ಲಿಯೂ ಚೆಯೋಲ್ವುಲ್ಫನ ಹೆಸರಿನಲ್ಲಿಯೂ ಒಂದೇ ಮಾದರಿಯ ಅಚ್ಚು. ಕೆಲವು ಟಂಕಕಾರರು ಇಬ್ಬರಿಗಾಗಿಯೂ ನಾಣ್ಯ ಒತ್ತಿದ್ದಾರೆ. ಇವುಗಳಲ್ಲಿ ಒಂದು ಬಗೆಯ ಹಿಂಬದಿಯಲ್ಲಿ, ರೋಮನ್ ಚಿನ್ನದ ನಾಣ್ಯವನ್ನು ಅನುಸರಿಸಿ, ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕದಲ್ಲಿ ಕುಳಿತಿರುವ ಚಿತ್ರವಿದೆ. ಒಂದೇ ತೂಕ, ಒಂದೇ ಶುದ್ಧತೆ, ಒಂದೇ ಅಚ್ಚು ಇರಬೇಕಾದರೆ ಇಬ್ಬರು ಅರಸರ ನಡುವೆ ಒಪ್ಪಂದವಿದ್ದಿರಲೇಬೇಕು. ಆದರೆ ಈ ಇಬ್ಬರು ಚಕ್ರವರ್ತಿಗಳ ನಾಣ್ಯಗಳು 2015ಕ್ಕೆ ಮೊದಲು ಕೇವಲ ಎರಡು ತಿಳಿದಿದ್ದವು. ಎರಡು ನಾಣ್ಯಗಳ ಬಲದ ಮೇಲೆ ವೃತ್ತಾಂತವನ್ನು ತಿದ್ದುವುದು ಯಾರಿಗೂ ಸುಲಭವಾಗಿರಲಿಲ್ಲ.

2015ರ ಅಕ್ಟೋಬರದಲ್ಲಿ ಆಕ್ಸ್‌ಫರ್ಡ್‌ಷೈರಿನ ವಾಟ್ಲಿಂಗ್‌ಟನ್ ಬಳಿ ಹವ್ಯಾಸಿಯೊಬ್ಬನಿಗೆ ಮೊದಲು ಬೆಳ್ಳಿಯ ಗಟ್ಟಿಯೊಂದು, ಬಳಿಕ ಮಣ್ಣಿನಲ್ಲಿ ಒತ್ತಾಗಿದ್ದ ನಾಣ್ಯಗಳು ಗೋಚರಿಸಿದವು. ಆತನು ಅಗೆತವನ್ನು ಅಲ್ಲಿಗೇ ನಿಲ್ಲಿಸಿ ಕುಳಿಯನ್ನು ಮುಚ್ಚಿ ಅಧಿಕಾರಿಗೆ ಸುದ್ದಿ ಮುಟ್ಟಿಸಿದನು. ಪುರಾತತ್ವಜ್ಞರು ಬಂದು ಮಣ್ಣಿನ ಹೆಂಟೆಯನ್ನೇ ಇಡಿಯಾಗಿ ಎತ್ತಿ ಬ್ರಿಟಿಷ್ ಮ್ಯೂಸಿಯಂಗೆ ಸಾಗಿಸಿ ಅಲ್ಲಿ ನಿಧಾನವಾಗಿ ಬಿಡಿಸಿದರು. 186 ನಾಣ್ಯಗಳು, 7 ಆಭರಣಗಳು, 15 ಬೆಳ್ಳಿಯ ಗಟ್ಟಿಗಳು ದೊರೆತವು. ಇಬ್ಬರು ಚಕ್ರವರ್ತಿಗಳ ನಾಣ್ಯಗಳೇ 13 ಇದ್ದವು. ಎಡಿಂಗ್ಟನ್ ಯುದ್ಧದ ತರುವಾಯ, ಸುಮಾರು 879ರಲ್ಲಿ, ಪೂರ್ವಕ್ಕೆ ಸಾಗುತ್ತಿದ್ದ ವೈಕಿಂಗರ ಪೈಕಿ ಯಾರೋ ಇದನ್ನು ಹೂತಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. 2017ರಲ್ಲಿ ಆಕ್ಸ್‌ಫರ್ಡಿನ ಅಷ್ಮೋಲಿಯನ್ ವಸ್ತುಸಂಗ್ರಹಾಲಯವು 13,50,000 ಪೌಂಡುಗಳನ್ನು ಕೂಡಿಸಿ ಈ ನಿಧಿಯನ್ನು ಪಡೆಯಿತು. ನೂರಾರು ಸಾಮಾನ್ಯ ಜನರ ದೇಣಿಗೆಯೂ ಅದರಲ್ಲಿ ಸೇರಿತ್ತು.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ಹೆರೆಫರ್ಡ್‌ಷೈರಿನ ಲೆಮ್‌ಸ್ಟರ್ ಬಳಿ ಇನ್ನೊಂದು ನಿಧಿಯು ಇಬ್ಬರ ಕೈಗೆ ಸಿಕ್ಕಿತ್ತು. ಚಿನ್ನದ ಉಂಗುರ, ಚಿನ್ನದ ಕಡಗ, ಚಿನ್ನದ ಪಟ್ಟಿ ಹಾಕಿದ ಸ್ಫಟಿಕದ ಗುಂಡು, ಇವುಗಳೊಡನೆ ಸುಮಾರು 300 ನಾಣ್ಯಗಳು. ಅವರು ಅದನ್ನು ವಿಧಿಯಂತೆ ತಿಳಿಸದೆ ಗುಟ್ಟಾಗಿ ಮಾರತೊಡಗಿದರು. ಮೊಬೈಲ್ ಫೋನಿನಿಂದ ಅಳಿಸಿ ಹಾಕಿದ್ದ ಚಿತ್ರಗಳನ್ನು ಪೊಲೀಸರು ಮರಳಿ ಪಡೆದಾಗ ನಾಣ್ಯಗಳ ರಾಶಿಯ ಪ್ರಮಾಣ ತಿಳಿಯಿತು. 2019ರ ನವೆಂಬರದಲ್ಲಿ ವೂಸ್ಟರ್ ನಗರದ ನ್ಯಾಯಾಲಯವು ಅವರಿಗೆ ಸೆರೆಮನೆಯ ಶಿಕ್ಷೆ ವಿಧಿಸಿತು. ಆದರೆ ಆ ವೇಳೆಗೆ ಕೈಗೆ ಸಿಕ್ಕ ನಾಣ್ಯಗಳು ಕೇವಲ 30ರಷ್ಟು. ಅವುಗಳಲ್ಲಿಯೂ ಇಬ್ಬರು ಚಕ್ರವರ್ತಿಗಳ ನಾಣ್ಯಗಳಿದ್ದವು.

ಕಳೆದುಹೋದ ನಾಣ್ಯಗಳ ಬೆಲೆಯನ್ನು ಪೌಂಡುಗಳಲ್ಲಿ ಅಂದಾಜು ಮಾಡಬಹುದು. ಇತಿಹಾಸಕ್ಕಾದ ನಷ್ಟಕ್ಕೆ ಅಂತಹ ಲೆಕ್ಕವಿಲ್ಲ. ಯಾವ ಅರಸನ ನಾಣ್ಯ ಎಷ್ಟು, ಯಾವ ಟಂಕಕಾರನ ಹೆಸರು ಎಷ್ಟು ಸಲ, ಯಾವುದು ಸವೆದಿದೆ, ಯಾವುದು ಹೊಚ್ಚಹೊಸದು, ಯಾವುದರ ಜೊತೆಗೆ ಯಾವುದು ಇತ್ತು ಎಂಬ ಎಣಿಕೆಯಿಂದಲೇ ಕಾಲನಿರ್ಣಯವಾಗುತ್ತದೆ. ನಿಧಿಯೊಂದು ಖಾತೆ ಪುಸ್ತಕವಿದ್ದಂತೆ. ಹಾಳೆಗಳನ್ನು ಹರಿದು ಬಿಡಿಬಿಡಿಯಾಗಿ ಮಾರಿದ ಮೇಲೆ, ಪ್ರತಿಯೊಂದು ಹಾಳೆಯೂ ಎಲ್ಲೋ ಒಂದು ಕಡೆ ಜೋಪಾನವಾಗಿದ್ದರೂ ಜಮಾ ಖರ್ಚಿನ ತಾಳೆ ನೋಡುವುದು ಸಾಧ್ಯವಿಲ್ಲ.

ನಮ್ಮ ದೇಶದಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿಯೇ, 1878ರಲ್ಲಿ, ನಿಧಿ ಶಾಸನವೊಂದು ರಚಿತವಾಯಿತು. ನೆಲದೊಳಗೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ಬರಹದ ಮೂಲಕ ತಿಳಿಸಬೇಕೆಂದು ಅದು ವಿಧಿಸುತ್ತದೆ. ಬಾವಿ ತೋಡುವಾಗಲೋ ತಳಪಾಯ ತೆಗೆಯುವಾಗಲೋ ನಾಣ್ಯದ ಗಡಿಗೆ ಕಂಡವರು ಅದನ್ನು ಅಕ್ಕಸಾಲಿಗನ ಮೂಸೆಗೆ ಒಯ್ಯುವ ಮುನ್ನ ಈ ವಿಧಿಯನ್ನು ನೆನೆಯುವುದು ಒಳ್ಳೆಯದು.

ಚೆಯೋಲ್ವುಲ್ಫನು 879ರ ಸುಮಾರಿಗೆ ಇತಿಹಾಸದಿಂದ ಮರೆಯಾದನು. ಅವನ ಪರವಾಗಿ ಬರೆಯಲು ಯಾವ ಗ್ರಂಥಕಾರನೂ ಉಳಿದಿರಲಿಲ್ಲ. ಅವನು ಆಲ್ಫ್ರೆಡನಿಗೆ ಸಮನಾಗಿ ನಿಂತು ನಾಡಿನ ನಾಣ್ಯವನ್ನು ಶುದ್ಧಗೊಳಿಸಿದವನೆಂಬುದಕ್ಕೆ ಇಂದು ಬಲವಾದ ಆಧಾರ ದೊರೆತಿದೆ. ಹೊಲದಲ್ಲಿ ಯಾರೂ ನೋಡದಿರುವಾಗ ಕುಳಿಯನ್ನು ಮುಚ್ಚಿ ಸುದ್ದಿ ಮುಟ್ಟಿಸಿದ ಒಬ್ಬ ಸಾಮಾನ್ಯನ ನಡತೆಯಿಂದ ಅದು ಸಾಧ್ಯವಾಯಿತು.