ಅರಳುಮರುಳಿನ ಪರಿಶೋಧನೆಯಲ್ಲಿ ರಕ್ತಸಂಗ್ರಹದ ಚರಿತ್ರೆ

ಅರವತ್ತಕ್ಕೆ ಅರಳುಮರುಳು ಎಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ಮುಪ್ಪಿನಲ್ಲಿ ನೆನಪು ಕುಂದುವುದು ವಯೋಧರ್ಮವೇ ಹೊರತು ವ್ಯಾಧಿಯಲ್ಲವೆಂಬ ನಂಬಿಕೆಯು ಅದರಲ್ಲಿ ಅಡಗಿದೆ. ಇಂತಹ ಮರೆವಿಗೆ ಮೆದುಳಿನ ವಿಕಾರವು ಕಾರಣವಾಗಬಲ್ಲುದೆಂಬುದನ್ನು ಜರ್ಮನಿಯ ವೈದ್ಯನಾದ ಆಲೋಯಿಸ್ ಆಲ್ಜೈಮರನು 1906ರಲ್ಲಿ ವಿವರಿಸಿದನು. ಐವತ್ತರ ಪ್ರಾಯದಲ್ಲಿಯೇ ನೆನಪುಗೆಟ್ಟು ಮುಂದೆ ಮೃತಳಾದ ಸ್ತ್ರೀಯೊಬ್ಬಳ ಮೆದುಳನ್ನು ಆತನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ್ದನು. ಅಂತಹ ಪ್ರಮಾಣವು ಮರಣಾನಂತರವೇ ಲಭಿಸುವಂತಹುದು. ಜೀವಂತವಾಗಿರುವವರ ರಕ್ತದಲ್ಲಿಯೇ ಟೌ ಎಂಬ ಪ್ರೋಟೀನಿನ ವಿಕೃತ ರೂಪವನ್ನು ಅಳೆದು ಈ ವ್ಯಾಧಿಯನ್ನು ಗುರುತಿಸಬಹುದೆಂಬುದು 2020ರ ವೇಳೆಗೆ ಸ್ಪಷ್ಟವಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ಇಂತಹ ರಕ್ತಪರೀಕ್ಷೆಯೊಂದಕ್ಕೆ ಪ್ರಥಮವಾಗಿ ಸಮ್ಮತಿಯಿತ್ತಿತು.

ಆದರೆ ನಾಳದಿಂದ ತೆಗೆದ ರಕ್ತವನ್ನು ಕೆಲವೇ ಗಂಟೆಗಳೊಳಗಾಗಿ ಯಂತ್ರದಲ್ಲಿ ತಿರುಗಿಸಿ, ಬೇರ್ಪಟ್ಟ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿಡಬೇಕು. ಈ ಅನುಕೂಲವುಳ್ಳದ್ದು ನಗರ. ಭಾರತದಲ್ಲಿ 2017ರಿಂದ 2020ರವರೆಗೆ ಅರವತ್ತು ವರ್ಷ ದಾಟಿದ 4,096 ಮಂದಿಯನ್ನು ಪರೀಕ್ಷಿಸಿದ ಸಮೀಕ್ಷೆಯಿಂದಲಾದರೋ, ಅರಳುಮರುಳು ನಗರಗಳಲ್ಲಿ ನೂರಕ್ಕೆ 5.3ರಷ್ಟು, ಗ್ರಾಮಗಳಲ್ಲಿ 8.4ರಷ್ಟು ಇರುವುದೆಂದು ಅಂದಾಜು ಮಾಡಲಾಯಿತು. ವ್ಯಾಧಿಯು ಹೆಚ್ಚಾಗಿರುವ ಕಡೆಯೇ ಪ್ರಯೋಗಶಾಲೆಗೆ ದೂರವಾಗಿದ್ದಿತು.

ಈ ದೂರವನ್ನು ದಾಟಲು ಎರಡು ಮಾರ್ಗಗಳು ತೋರಿಬಂದಿವೆ. ಮೊದಲನೆಯದು ಗ್ರಾಮದ ಜನರನ್ನೇ ಅರಸಿ ಹೋಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ವರ್ಷಕ್ಕೆ ಮೇಲ್ಪಟ್ಟ ಹತ್ತು ಸಾವಿರ ಮಂದಿಯನ್ನು ದೀರ್ಘಕಾಲ ಪರಿಶೀಲಿಸುವ ಉದ್ದೇಶದಿಂದ ಕಾರ್ಯಾರಂಭ ಮಾಡಿದರು. ಎರಡನೆಯದು ರಕ್ತಬಿಂದುವನ್ನು ಮಾತ್ರ ಕಳುಹಿಸುವುದು. ಶಿಶುಗಳ ರೋಗಪರೀಕ್ಷೆಗಾಗಿ, ಸೋಸುಕಾಗದದ ಮೇಲೆ ಒಣಗಿಸಿದ ರಕ್ತವು ಸಾಕೆಂಬುದನ್ನು ಅಮೆರಿಕದ ರಾಬರ್ಟ್ ಗತ್ರಿ 1963ರಲ್ಲಿ ಪ್ರಕಟಿಸಿದನು. ಅದೇ ಕ್ರಮದಿಂದ 2017–18ರಲ್ಲಿ ಭಾರತದ ವೃದ್ಧಾಪ್ಯ ಸಮೀಕ್ಷೆಯವರು ಮನೆಮನೆಯಲ್ಲಿ ಬೆರಳು ಚುಚ್ಚಿ ರಕ್ತ ಸಂಗ್ರಹಿಸಿದರು. ಅವರು ಅಳೆಯಹೊರಟದ್ದು ಸಕ್ಕರೆ, ಉರಿಯೂತ ಮೊದಲಾದವುಗಳ ಲಕ್ಷಣಗಳನ್ನೇ ಹೊರತು ಟೌವನ್ನಲ್ಲ. ಒಣಗಿದ ರಕ್ತದಲ್ಲಿಯೂ ಟೌವನ್ನು ಅಳೆಯಬಹುದೆಂದು ಯೂರೋಪಿನ ಪರಿಶೋಧಕರು ಈಚೆಗೆ ತೋರಿಸಿಕೊಟ್ಟಿದ್ದಾರೆ.

ಇದು ದೃಢಪಟ್ಟರೆ ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿರುವ ಹಲಗೂರಿನಂತಹ ಊರಿನ ವೃದ್ಧರು ಬೆಂಗಳೂರಿಗೆ ಪ್ರಯಾಣ ಮಾಡುವ ಶ್ರಮವು ತಪ್ಪೀತು. ಆದರೂ ರಕ್ತವೊಂದರಿಂದಲೇ ಅರಳುಮರುಳು ನಿರ್ಣಯವಾಗದು, ನೆನಪನ್ನೂ ಪರೀಕ್ಷಿಸಬೇಕು. ವಿದ್ಯಾವಂತರಿಗಾಗಿ ರಚಿತವಾದ ಪ್ರಶ್ನೆಗಳಿಂದ ಓದುಬರಹವಿಲ್ಲದವರನ್ನು ಅಳೆದರೆ ಅವರಲ್ಲಿ ಇಲ್ಲದ ವ್ಯಾಧಿಯು ಕಂಡೀತು. ಈ ಕಾರಣದಿಂದಲೇ ಹರಿಯಾಣದ ಬಲ್ಲಭಗಢದ ನಿರಕ್ಷರಿಗಳಿಗೆ ತಕ್ಕಂತೆ ರಚಿಸಿದ ಹಿಂದೀ ಪ್ರಶ್ನಾವಳಿಯೊಂದು 1995ರಲ್ಲಿ ಪ್ರಕಟವಾಯಿತು. ಇದಕ್ಕಿಂತಲೂ ಗಹನವಾದುದು ಸಮ್ಮತಿಯ ವಿಷಯ. ಬೆಳಗ್ಗೆ ಒಪ್ಪಿದುದನ್ನು ಸಂಜೆಗೆ ಮರೆಯುವವರ ಒಪ್ಪಿಗೆಯನ್ನು ಅಂಚೆಯ ಮೂಲಕ ಪಡೆಯುವುದು ಯುಕ್ತವಲ್ಲ. ಮನೆಯವರ ಸಮಕ್ಷಮದಲ್ಲಿ, ಅವರಾಡುವ ಮಾತಿನಲ್ಲಿಯೇ ತಿಳಿಯಹೇಳಬೇಕು, ಮತ್ತೆ ಮತ್ತೆ ಕೇಳಬೇಕು. ರಕ್ತವನ್ನು ದೂರದಿಂದ ತರಿಸಿಕೊಳ್ಳಬಹುದಾದರೂ, ಅದನ್ನು ಕೊಟ್ಟವರ ಬಳಿಗೆ ಅದರ ಫಲವನ್ನು ಹೇಳಲು ಒಬ್ಬರು ಹೋಗಲೇಬೇಕೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ.