ಆಕಾಶಕ್ಕೆ ಏರುವ ಮುನ್ನ

ಶಹಾಪುರದ ಹೊರಗೆ ನಿಂತು ನೋಡಿದವರಿಗೆ ಅಲ್ಲಿಯ ಬೆಟ್ಟಸಾಲು ಬುದ್ಧ ಮಲಗಿದಂತೆ ಕಾಣುವುದು ತಿಳಿದ ಸಂಗತಿಯೇ. ಕಳೆದ ವರ್ಷ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಅಲ್ಲಿಗೆ ಕರೆದೊಯ್ದು, "ಸರ, ಈ ಬುದ್ಧನ್ನ ಮ್ಯಾಲಿಂದ ನೋಡಬೇಕಂತ ಆಸಿ ಅದರಿ" ಎಂದ. ಹತ್ತಿಯ ಜಿನ್ನು ನಡೆಸುವವರ ಮಗ, ಅನುಕೂಲಸ್ಥ. ಉದ್ಯೋಗಕ್ಕಾಗಿ ಅಲ್ಲ, ತನ್ನ ಸಂತೋಷಕ್ಕಾಗಿ ವಿಮಾನ ನಡೆಸುವುದನ್ನು ಕಲಿಯಬೇಕೆಂಬುದು ಅವನ ಹಂಬಲ. ಇದು ಈಗ ತೀರ ಹಗಲುಗನಸೇನೂ ಅಲ್ಲ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು. 2021ರಲ್ಲಿ ಹಾರಾಟದ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಕಲಬುರಗಿಯೂ ಸೇರಿದ್ದವು.

ಆದರೆ ಹುಡುಗನ ಮುಖದಲ್ಲಿ ಉತ್ಸಾಹವಿರಲಿಲ್ಲ. ಕೈಯಲ್ಲಿ ವೈದ್ಯ ಪರೀಕ್ಷೆಯ ಅರ್ಜಿ ಇತ್ತು. ಹಿಂದೆ ಎಂದಾದರೂ ಮೂರ್ಛೆ ಹೋದುದುಂಟೆ ಎಂಬ ಪ್ರಶ್ನೆಯ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದ. ಪಿ.ಯು.ಸಿ. ಓದುತ್ತಿದ್ದಾಗ ನನ್ನ ತರಗತಿಯಲ್ಲಿಯೇ ಅವನು ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದ. ಮುಖಕ್ಕೆ ನೀರು ಚಿಮುಕಿಸಿದವನು ನಾನು. ಮನೆಯವರು ಅದನ್ನು ಊರಿಗೆ ತಿಳಿಸಲಿಲ್ಲ, ವೈದ್ಯರಿಗೂ ತೋರಿಸಲಿಲ್ಲ.

"ನಾ ಒಬ್ಬಾವ ಕುಂತು ಹಾರಸ್ತೀನಿ, ಬಿದ್ದರ ನಾನೇ ಬೀಳ್ತೀನಿ. ನಡುಕ ಈ ಡಾಕ್ಟರ ಚೀಟಿ ಯಾಕ್ ಬೇಕ್ರಿ ಸರ? ಸುರಪುರದ ಗೋಪಾಲಸ್ವಾಮಿ ಜಾತ್ರ್ಯಾಗ ಕಂಬ ಏರೋರಿಗಿ ಯಾರರೆ ಚೀಟಿ ಕೇಳ್ತಾರೇನ್ರಿ?"

ನಾನು ಕನ್ನಡದ ಮೇಷ್ಟರು. ವೈದ್ಯನೂ ಅಲ್ಲ, ವೈಮಾನಿಕನೂ ಅಲ್ಲ. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಕಾಲ ಕೇಳಿ, ಪುಸ್ತಕಗಳನ್ನು ಹುಡುಕಿದೆ. ಈ ಚೀಟಿಗೂ ಒಂದು ಚರಿತ್ರೆ ಇದೆಯೆಂದು ತಿಳಿದುದು ಆಗ.

ಆಕಾಶಕ್ಕೇರಿದ ಮೊದಲ ಪ್ರಯಾಣಿಕರು ಮನುಷ್ಯರಲ್ಲ. 1783ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ವರ್ಸೇಲ್ಸಿನಲ್ಲಿ ಮಾಂಗಾಲ್ಫಿಯೆ ಸಹೋದರರು ತಮ್ಮ ಬೆಲೂನಿಗೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಕಟ್ಟಿ ಮೇಲೆ ಕಳಿಸಿದರು. ಮೇಲಿನ ಗಾಳಿಯಲ್ಲಿ ಜೀವ ಉಳಿದೀತೆ ಎಂಬ ಸಂದೇಹವಿದ್ದ ಕಾಲ ಅದು. ಮೂರೂ ಬದುಕಿ ಬಂದವು. ಹುಂಜದ ರೆಕ್ಕೆಗೆ ಮಾತ್ರ ಪೆಟ್ಟಾಗಿತ್ತು. ಎತ್ತರದ ದೋಷವಿರಬಹುದೆಂದು ಪಂಡಿತರು ತಲೆ ಕೆಡಿಸಿಕೊಂಡರಂತೆ. ಕಡೆಗೆ ಅದು ಕುರಿಯ ಒದೆತವೆಂದು ತೀರ್ಮಾನವಾಯಿತೆಂದು ಹೇಳುತ್ತಾರೆ. ವೈಮಾನಿಕ ವೈದ್ಯದ ಮೊದಲನೆಯ ಪರೀಕ್ಷೆ ಇದೇ ಎನ್ನಬಹುದು.

ಎರಡನೆಯ ಪಾಠ ಇಷ್ಟು ಹಗುರವಾಗಿರಲಿಲ್ಲ. 1875ರ ಏಪ್ರಿಲ್ 15ರಂದು ಜೆನಿತ್ ಎಂಬ ಬೆಲೂನಿನಲ್ಲಿ ಮೂವರು ಫ್ರೆಂಚರು ಎಂಟು ಸಾವಿರ ಮೀಟರಿಗೂ ಮೇಲೆ ಹೋದರು. ಆಮ್ಲಜನಕದ ಚೀಲಗಳು ಅವರ ಜೊತೆಯಲ್ಲಿಯೇ ಇದ್ದವು. ಅವುಗಳ ಕಡೆ ಕೈಚಾಚುವ ಶಕ್ತಿ ಉಳಿಯುವಷ್ಟರಲ್ಲಿ ಅಪಾಯ ಬಂದಿದೆಯೆಂಬ ಅರಿವು ಅವರಿಗಾಗಲಿಲ್ಲ. ಇಬ್ಬರು ಸತ್ತರು. ಬದುಕಿ ಉಳಿದ ಟಿಸಾಂಡಿಯೆ, ತನಗೆ ಸಂಕಟವಲ್ಲ, ಒಂದು ಬಗೆಯ ಆನಂದವೇ ಆಯಿತೆಂದು ಬರೆದಿಟ್ಟಿದ್ದಾನೆ. ದೇಹ ಸೋಲುತ್ತಿರುವಾಗ ಮನಸ್ಸು 'ನಾನು ಚೆನ್ನಾಗಿದ್ದೇನೆ' ಎನ್ನುತ್ತದೆ. 'ನನ್ನ ಆರೋಗ್ಯ ನನಗೆ ಗೊತ್ತು' ಎನ್ನುವವರು ನೆನೆಯಬೇಕಾದ ಮಾತು ಇದು.

ಮೊದಲನೆಯ ಮಹಾಯುದ್ಧದಲ್ಲಿ ಶತ್ರುವಿನ ಗುಂಡಿಗಿಂತ ಪೈಲಟನ ಶರೀರದ ಕೊರತೆಯೇ ಹೆಚ್ಚು ಪ್ರಾಣ ತೆಗೆಯುತ್ತಿದೆಯೆಂಬ ಅಭಿಪ್ರಾಯ ಸೇನೆಗಳಲ್ಲಿ ಬಲವಾಯಿತು. ಕಣ್ಣು, ಕಿವಿ, ಎದೆಗಳ ಪರೀಕ್ಷೆ ಕಟ್ಟುನಿಟ್ಟಾಯಿತು. ಆಸ್ಟ್ರೇಲಿಯದ ಸಿಡ್ನಿ ಕಾಟನ್ ಎಂಬ ವೈಮಾನಿಕ ಮೇಲಿನ ಕೊರೆಯುವ ಚಳಿಯನ್ನು ತಡೆಯಲು 1917ರಲ್ಲಿ ಸಿಡ್‌ಕಾಟ್ ಎಂಬ ಉಡುಪನ್ನು ರೂಪಿಸಿದ. ಈ ಹೆಸರನ್ನು ಕಂಡು ನಾನು ಬೆರಗಾದೆ. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ರಾಜ್ಯದಲ್ಲಿದ್ದ ಕಡೆಯ ದಿನಗಳಲ್ಲಿ, 1948ರಲ್ಲಿ, ಕರಾಚಿಯಿಂದ ಹೈದರಾಬಾದು ಸಂಸ್ಥಾನಕ್ಕೆ ಕದ್ದುಮುಚ್ಚಿ ಶಸ್ತ್ರ ತಂದ ವಿಮಾನಗಳ ಮುಖಂಡ ಇವನೇ! ಪೈಲಟರ ಮೈ ಕಾಯುವ ಉಡುಪು ಹೊಲಿಸಿದವನು ನಮ್ಮ ಜನರ ಎದೆಗೆ ಗುರಿಯಾಗಬಹುದಾಗಿದ್ದ ಬಂದೂಕುಗಳನ್ನು ಹೊತ್ತು ತಂದ. ಮೈ ಯೋಗ್ಯವಾಗಿದ್ದ ಮಾತ್ರಕ್ಕೆ ಮನುಷ್ಯನ ಎಲ್ಲವೂ ಯೋಗ್ಯವೆನ್ನಲಾಗದು.

ಯುದ್ಧ ಮುಗಿದ ಮೇಲೆ, 1919ರ ಪ್ಯಾರಿಸ್ ಒಪ್ಪಂದದಲ್ಲಿ ವೈಮಾನಿಕರಿಗೆ ವೈದ್ಯ ಪರೀಕ್ಷೆ ಇರಬೇಕೆಂಬುದು ರಾಷ್ಟ್ರಗಳ ನಡುವಣ ನಿಯಮವಾಯಿತು. 1944ರ ಷಿಕಾಗೊ ಒಪ್ಪಂದದ ತರುವಾಯ ಅದು ವರ್ಗಗಳಾಗಿ ಒಡೆಯಿತು: ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವವರಿಗೆ ಮೊದಲ ವರ್ಗ, ಖಾಸಗಿಯಾಗಿ ಹಾರುವವರಿಗೆ ಎರಡನೆಯದು. ನಮ್ಮ ದೇಶದಲ್ಲಿಯೂ ಇದೇ ಪದ್ಧತಿ. 1934ರ ವಿಮಾನ ಕಾಯಿದೆಯ ಸ್ಥಾನಕ್ಕೆ 2025ರ ಜನವರಿಯಿಂದ ಹೊಸ ಕಾಯಿದೆ ಬಂದಿದ್ದರೂ ವೈದ್ಯರ ಚೀಟಿ ಉಳಿದಿದೆ. ಈ ವಿದ್ಯೆಯ ಭಾರತದ ತವರು ನಮ್ಮ ಬೆಂಗಳೂರೇ. 1957ರಲ್ಲಿ ವಾಯುಪಡೆಯ ವೈಮಾನಿಕ ವೈದ್ಯ ಶಾಲೆ ಅಲ್ಲಿ ಆರಂಭವಾಯಿತು. ರಾಕೇಶ ಶರ್ಮರು 1984ರಲ್ಲಿ ಅಂತರಿಕ್ಷಕ್ಕೆ ಹೋಗುವುದಕ್ಕೆ ಮೊದಲು ಅವರ ದೇಹವನ್ನು ಒರೆಗೆ ಹಚ್ಚಿದುದೂ ಆ ಸಂಸ್ಥೆಯೇ.

ಇಷ್ಟಾದರೂ ಹುಡುಗನ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಅಮೆರಿಕದ ವೈಲಿ ಪೋಸ್ಟ್ 1933ರಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತಿ ಬಂದಾಗ ಅವನಿಗೆ ಇದ್ದುದು ಒಂದೇ ಕಣ್ಣು. ಇಂಗ್ಲೆಂಡಿನ ಡಗ್ಲಸ್ ಬೇಡರ್ 1931ರಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲುಗಳ ಮೇಲೆ ಎರಡನೆಯ ಯುದ್ಧದಲ್ಲಿ ಹೋರಾಡಿದ. ನಮ್ಮ ಜೆ.ಆರ್.ಡಿ. ಟಾಟಾ ಅವರು 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದ ಹಾರಾಟವನ್ನು, ಐವತ್ತು ವರ್ಷಗಳ ಬಳಿಕ, 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ಮತ್ತೆ ನಡೆಸಿ ತೋರಿಸಿದರು. ಕೊರತೆಯೊಂದನ್ನೇ ಎಣಿಸುವ ಅಳತೆಗೋಲು ಇಂಥವರನ್ನು ನೆಲಕ್ಕೆ ಕಟ್ಟಿಹಾಕುತ್ತಿತ್ತು.

ಚೀಟಿ ಇದ್ದ ಮಾತ್ರಕ್ಕೆ ಕ್ಷೇಮವೂ ಇಲ್ಲ. 1972ರ ಜೂನ್ 18ರಂದು ಲಂಡನ್ನಿನ ಬಳಿ ಟ್ರೈಡೆಂಟ್ ವಿಮಾನ ಬಿದ್ದು 118 ಜನ ತೀರಿಕೊಂಡರು. ನಾಯಕನ ಹೃದಯದ ರಕ್ತನಾಳಗಳು ರೋಗಗ್ರಸ್ತವಾಗಿದ್ದುವೆಂದು ಶವಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ಅವನು ವೈದ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವನೇ. 2015ರ ಮಾರ್ಚಿನಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ತನ್ನ ಮನೋವ್ಯಾಧಿಯನ್ನು ಸಂಸ್ಥೆಯಿಂದ ಮುಚ್ಚಿಟ್ಟು, 150 ಜೀವಗಳನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. ಚೀಟಿಯ ಭಯ ಹೆಚ್ಚಿದಂತೆ ಮುಚ್ಚಿಡುವವರೂ ಹೆಚ್ಚುತ್ತಾರೆ. ಇದನ್ನೆಲ್ಲ ತೂಗಿ ನೋಡಿಯೋ ಏನೋ, ಕೆಲವು ದೇಶಗಳು ಖಾಸಗಿ ಹಾರಾಟದ ಮಟ್ಟಿಗೆ ಹಗ್ಗ ಸಡಿಲಿಸಿವೆ. ಅಮೆರಿಕದಲ್ಲಿ 2017ರ ಮೇ ತಿಂಗಳಿಂದ, ಹಿಂದೆ ಒಮ್ಮೆ ವೈಮಾನಿಕ ಚೀಟಿ ಪಡೆದಿದ್ದವರು ನಾಲ್ಕು ವರ್ಷಕ್ಕೊಮ್ಮೆ ತಮ್ಮೂರಿನ ಸಾಮಾನ್ಯ ವೈದ್ಯರಿಂದಲೇ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಬ್ರಿಟನ್ನಿನಲ್ಲಿ 2016ರಿಂದ ಲಘುವಿಮಾನದ ಅನೇಕ ಪೈಲಟರಿಗೆ ಸ್ವಂತ ಘೋಷಣೆಯೇ ನಡೆಯುತ್ತದೆ.

ಹಾಗಾದರೆ ಚೀಟಿಯೇ ಬೇಡವೆ? ನನ್ನ ಕಣ್ಣಿಗೆ ಬಿದ್ದ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಭೀಮರಾಯನಗುಡಿ ದಾಟಿ ಹತ್ತಿಗುಡೂರಿನ ಕಡೆ ಸಾಗುವಾಗ ಚಾಲಕ ಬಸ್ಸನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಚಕ್ರದ ಮೇಲೆಯೇ ತಲೆಯಿಟ್ಟ. ಎದೆನೋವು. ನಾಲ್ಕು ಜನ ಎತ್ತಿ ಬೇವಿನ ನೆರಳಲ್ಲಿ ಮಲಗಿಸಿದೆವು. ಬೆವರಿನಲ್ಲಿ ತೊಯ್ದಿದ್ದ ಆತ ನನ್ನ ಕೈ ಹಿಡಿದು ಹೇಳಿದ: "ತಿಂಗಳಾತ್ರಿ, ನೋವು ಅದ. ಹೇಳಿದರ ಕೆಲಸ ಹೋಗ್ತದಂತ ಸುಮ್ಮನಿದ್ದೆ." ಅವನು ಬದುಕಿದ; ನಾವೂ ಬದುಕಿದೆವು. ಆದರೆ ಬಸ್ಸಿಗೆ ನಿಲ್ಲಲು ರಸ್ತೆಯಂಚು ಇತ್ತು. ಆಕಾಶದಲ್ಲಿ ರಸ್ತೆಯಂಚು ಎಲ್ಲಿದೆ?

ಎರಡು ದಿನದ ಮೇಲೆ ಹುಡುಗನಿಗೆ ನಾನು ಹೇಳಿದುದು ಇಷ್ಟು. ಒಬ್ಬನೇ ಹಾರುತ್ತೇನೆಂಬುದು ಪೂರ್ತಿ ನಿಜವಲ್ಲ. ಕೆಳಗೆ ಹೊಲದಲ್ಲಿ ಹತ್ತಿ ಬಿಡಿಸುವವರಿದ್ದಾರೆ, ನಾಳೆ ಪಕ್ಕದ ಪೀಠದಲ್ಲಿ ತಂಗಿಯೋ ಗೆಳೆಯನೋ ಕುಳಿತಾರು. ಕಂಬ ಏರುವವನು ಜಾರಿದರೆ ಕಂಬ ಜನರ ಮೇಲೆ ಬೀಳುವುದಿಲ್ಲ, ವಿಮಾನ ಬೀಳುತ್ತದೆ. ಆದುದರಿಂದ ಪರೀಕ್ಷೆ ಇರಲಿ. ಆದರೆ ಖಾಸಗಿಯವರ ಪರೀಕ್ಷೆ ಸರಳವಾಗಿರಲಿ, ಹತ್ತಿರದ ಊರಿನಲ್ಲಿ ಸಿಗಲಿ. ಎಲ್ಲಕ್ಕಿಂತ ಮಿಗಿಲಾಗಿ, ನಿಜ ಹೇಳಿದವನನ್ನು ಒಂದೇ ಏಟಿಗೆ ತಳ್ಳಿಹಾಕದೆ, ಕಾರಣ ಹುಡುಕಿ ಮತ್ತೆ ನೋಡುವಂತಿರಲಿ. ನಿಜಕ್ಕೆ ಶಿಕ್ಷೆಯಾಗುವಲ್ಲಿ ಯಾವ ಚೀಟಿಯೂ ನಿಜವಾಗಿರುವುದಿಲ್ಲ.

ಸುರಪುರದ ರಾಜಾ ವೆಂಕಟಪ್ಪನಾಯಕರು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಅವರ ಜಾತಕದಲ್ಲಿ ಬರೆದಿತ್ತೆಂದು ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ. 1858ರಲ್ಲಿ ಅವರು ತೀರಿಕೊಂಡುದೂ ಆ ವಯಸ್ಸಿನಲ್ಲಿಯೇ. ವೈದ್ಯರ ಚೀಟಿಯನ್ನು ನಾವು ಇಂಥ ಜಾತಕವೆಂದು ಹೆದರುತ್ತೇವೆ. ಅದು ಜಾತಕವಲ್ಲ. ಹಣೆಬರಹವನ್ನು ಅದು ಹೇಳಲಾರದು. ಈ ದಿನ ನಾವು ಹೇಳಿಕೊಂಡುದನ್ನು, ವೈದ್ಯರು ಕಂಡುದನ್ನು ಮಾತ್ರ ಬರೆದಿಡುತ್ತದೆ. ಅದರ ಬೆಲೆಯಲ್ಲಿ ಅರ್ಧ ನಮ್ಮ ನಾಲಿಗೆಯದು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಪೆನ್ನನ್ನೇ ಕೇಳಿ ಪಡೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಹೌದು' ಎಂದು ಬರೆದ. ಇನ್ನಷ್ಟು ಪರೀಕ್ಷೆಗಳಾಗಬೇಕೆಂದು ಅವನಿಗೆ ತಿಳಿಸಿದ್ದಾರೆ. ತೀರ್ಪು ಇನ್ನೂ ಬಂದಿಲ್ಲ. ಬುದ್ಧನನ್ನು ಅವನು ಮೇಲಿನಿಂದ ನೋಡುತ್ತಾನೋ, ನಮ್ಮ ಹಾಗೆ ಕೆಳಗಿನಿಂದಲೇ ನೋಡುತ್ತಾನೋ ಅರಿಯೆ. ಊರ ಮೇಲೆ ವಿಮಾನದ ಸದ್ದಾದಾಗಲೆಲ್ಲ ನಾನೂ ಒಮ್ಮೆ ತಲೆಯೆತ್ತಿ ನೋಡುತ್ತೇನೆ.